ಲುಬ್ಧಕದ ಬೆಳಕು, ನನ್ನ ಲೆಕ್ಕ



ಎಳ್ಳಮಾಸಿ ಹಿಂದಿನ ರಾತ್ರಿ ನಾನು ಅಪ್ಪನ ಸಂಗಡ ಹೊಲಕ್ಕೆ ಹೋಗಿದ್ದೆ. ಆ ವಾರ ಮೋಟಾರಿನ ಕರೆಂಟು ರಾತ್ರಿ ಪಾಳಿ ಇತ್ತು. ಅಪ್ಪ ನಿಂಬೆ ಗಿಡಗಳಿಗೆ ನೀರು ತಿರುವುತ್ತಿದ್ದ, ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಚಂದ್ರ ಇರಲಿಲ್ಲ. ಆಕಾಶದ ತುಂಬ ಚಿಕ್ಕಿ. ಸಾಲಾಗಿರುವ ಮೂರು ಚಿಕ್ಕಿಗಳಿಂದ ಆಗ್ನೇಯಕ್ಕೆ ಗೆರೆ ಎಳೆದರೆ, ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಲುಬ್ಧಕ ಸಿಗುತ್ತದೆ ಎಂದು ನಮ್ಮ ಗುರುಗಳು ಹೇಳಿದ್ದರು.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ಅದಕ್ಕೂ ಹೊತ್ತು ಹಿಡಿಯುತ್ತದೆ ಎಂದು 1676ರಲ್ಲಿ ರೋಮರ್ ಎಂಬ ವಿಜ್ಞಾನಿ, ಗುರು ಗ್ರಹದ ಚಂದ್ರನ ಗ್ರಹಣಗಳನ್ನು ನೋಡಿ ತೋರಿಸಿದನು. ಸೂರ್ಯ ನಮ್ಮಿಂದ 15 ಕೋಟಿ ಕಿ.ಮೀ. ಭಾಗಿಸಿದರೆ 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ಮೊದಲು ನಾನು ಒಂದು ಸೊನ್ನೆ ಬಿಟ್ಟು 50 ಎಂದು ಬರೆದಿದ್ದೆ! ಒಂದು ವರ್ಷಕ್ಕೆ 3,15,36,000 ಸೆಕೆಂಡು. ಅಷ್ಟರಲ್ಲಿ ಬೆಳಕು ಸುಮಾರು 9,46,080 ಕೋಟಿ ಕಿ.ಮೀ. ಹೋಗುತ್ತದೆ. ಇದೇ ಜ್ಯೋತಿರ್ವರ್ಷ. ಲುಬ್ಧಕ 8.6 ಜ್ಯೋತಿರ್ವರ್ಷ ದೂರ. ಇವತ್ತು ಕಾಣುವ ಬೆಳಕು ಅಲ್ಲಿಂದ ಹೊರಟಾಗ ನಾನು ನಾಲ್ಕು ವರ್ಷದವಳು. ಆ ವರ್ಷವೇ ಮುತ್ಯಾ ಈ ನಿಂಬೆ ಸಸಿ ಹಚ್ಚಿದ್ದು. ಈಗ ಮುತ್ಯಾ ಇಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ನಾಲ್ಕನೆಯ ಇಯತ್ತೆ ಓದಿದವನು. ಸಲಿಕೆ ಊರಿ ಮೇಲೆ ನೋಡಿ, "ಹಂಗಾದ್ರ ಯವ್ವಾ, ಆ ಚಿಕ್ಕಿ ಈಗ ಐತೋ ಇಲ್ಲೋ?" ಅಂದ.

"ಇರತೈತಿ ಅಪ್ಪಾ, ಚಿಕ್ಕಿ ಆಯುಷ್ಯ ಭಾಳ ದೊಡ್ಡದು. ಆದ್ರ ಈ ರಾತ್ರಿ ಹೊರಟ ಬೆಳಕು ಇಲ್ಲಿಗಿ ಬರೂದ್ರಾಗ ನಾ ಇಪ್ಪತ್ತೊಂದು ವರ್ಷದಾಕಿ ಆಗಿರ್ತೀನಿ."

ಅಪ್ಪ ಸುಮ್ಮನಾದ. ನಮ್ಮೂರ ಶಾಲೆ ಏಳರ ತನಕ ಮಾತ್ರ. ಹೈಸ್ಕೂಲಿಗೆ ಬೇರೆ ಊರಿಗೆ ಹೋಗಬೇಕು. "ಹುಡುಗಿಗೆ ಏಳು ಸಾಕು" ಎಂದು ಮನೆಯಲ್ಲಿ ಮಾತು ನಡೆದಿದೆ. ಭಾಸ್ಕರಾಚಾರ್ಯರು ನಮ್ಮ ಜಿಲ್ಲೆಯವರೆಂದು ಹಲವರು ಹೇಳುತ್ತಾರೆ. ಅವರು 1150ರಲ್ಲಿ ಬರೆದ ಲೆಕ್ಕದ ಪುಸ್ತಕಕ್ಕೆ ಮಗಳು ಲೀಲಾವತಿಯ ಹೆಸರಿಟ್ಟರೆಂದು ಕಥೆಯಿದೆ. ಅದನ್ನು ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ.

ನೀರು ಕೊನೆಯ ಸಾಲಿಗೆ ಬಂದಾಗ ಅಪ್ಪನೇ ಕೇಳಿದ, "ಆವಾಗ ನೀ ಎಷ್ಟನೇತ್ತೆ ಇರ್ತಿ?"

ನಾನು ಬೆರಳು ಮಡಚಿ ಎಣಿಸಿದೆ. "ಡಿಗ್ರಿ ಮುಗಿಸಿರ್ತೀನಿ, ಅಪ್ಪಾ."

ಅಪ್ಪ ಬ್ಯಾಡ ಅನ್ನಲಿಲ್ಲ. "ಬ್ಯಾಟರಿ ಈ ಕಡೆ ಹಿಡಿ" ಅಂದ.

ಗೆಳೆಯರೇ, ನೀವೂ ಲುಬ್ಧಕ ನೋಡಿರಿ. ನಿಮ್ಮ ವಯಸ್ಸಿನಲ್ಲಿ 8.6 ಕಳೆಯಿರಿ. ಆಮೇಲೆ ಕೂಡಿಸಿಯೂ ನೋಡಿರಿ.

7ನೇ ತರಗತಿ ವಿದ್ಯಾರ್ಥಿನಿ, ಇಂಡಿ ತಾಲೂಕು