ಕಟಕಟ ಸದ್ದು

ಅಪ್ಪ ದಿನಾ ಕೆಲಸಕ್ಕೆ ಹೋಗೋ ಬೈಕ್ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಕಟಕಟ ಅಂತಿತ್ತು. ಕ್ಯಾಮ್ ಚೈನ್ ಟೆನ್ಷನರ್ ಒಳಗಿನ ಸ್ಪ್ರಿಂಗ್ ಸೋತಿತ್ತು. ಚೈನ್ ಸಡಿಲವಾಗಿ ಹಲ್ಲು ಹಾರಿದ್ರೆ ವಾಲ್ವ್ ಟೈಮಿಂಗ್ ತಪ್ಪುತ್ತೆ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದ್ರೆ ಇಂಜಿನ್ನೇ ಹೋಯ್ತು. ಆ ಖರ್ಚು ನಮ್ಮ ಮನೆಗೆ ಆಗೋದಲ್ಲ.

ಭಾನುವಾರ ನಾನೇ ಕೈ ಹಾಕಿದೆ. ಮೊದಲು ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದೆ. ಆಗ ವಾಲ್ವ್‌ಗಳು ಮುಚ್ಚಿರುತ್ತವೆ, ಅವುಗಳ ಸ್ಪ್ರಿಂಗ್ ಕ್ಯಾಮ್ ಅನ್ನು ತಳ್ಳೋದಿಲ್ಲ. ಎರಡು ಬೋಲ್ಟ್ ಬಿಚ್ಚಿ ಹಳೇದನ್ನ ತೆಗೆದೆ. ಹೊಸದರ ದಂಡವನ್ನು ಒಳಕ್ಕೆ ಎಳೆದಿಟ್ಟು, ಹೊಸ ಗ್ಯಾಸ್ಕೆಟ್ ಜೊತೆ ಬಿಗಿದು, ಆಮೇಲೆ ದಂಡ ಬಿಟ್ಟೆ. ಸ್ಟಾರ್ಟ್ ಮಾಡೋ ಮೊದಲು ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ನಿಧಾನ ತಿರುಗಿಸಿದೆ. ಕ್ರ್ಯಾಂಕ್ 2 ಸುತ್ತು, ಕ್ಯಾಮ್ 1 ಸುತ್ತು, ಗುರುತುಗಳು ಸರಿಯಾಗಿ ಕೂತವು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಅವತ್ತು ಕೈಗೆ ಸಿಕ್ತು.

ನಿಮ್ಮ ಬೈಕೂ ಹಾಗೇ ಸದ್ದು ಮಾಡ್ತಿದ್ರೆ ಇಯರ್‌ಫೋನ್ ತೆಗೆದು ಸ್ವಲ್ಪ ಕೇಳಿಸಿಕೊಳ್ಳಿ.