ಚಿನ್ನದ ಗಣಿಯ ಊರಿನಲ್ಲಿ ನಾಯಿಗೊಂದು ತಿಂಡಿ

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರ ಬಂದ ರೈಲು ಬಂಗಾರಪೇಟೆಯಲ್ಲಿ ನಿಂತೊಡನೆ, ಇಳಿದವರ ಕಾಲುಗಳು ತಾವಾಗಿಯೇ ಚಾಟ್ ಅಂಗಡಿಗಳತ್ತ ತಿರುಗುವುವು. ಒಂದು ಕಾಲದಲ್ಲಿ ಕಮಿಷನರ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನ ಕೀರ್ತಿಯನ್ನು ಇಂದು ಹಬ್ಬಿಸಿರುವುದು ತಿಳಿನೀರಿನಂಥ ಪಾನಿಯ ಪೂರಿ. ಮನುಷ್ಯನ ನಾಲಿಗೆಗೆ ಅದು ಸೊಗಸೇ ಸರಿ. ಈರುಳ್ಳಿ, ಖಾರ, ಎಣ್ಣೆಗಳ ಆ ತಟ್ಟೆ ಮಾತ್ರ ಯಾವ ನಾಯಿಗೂ ಸಲ್ಲದು.

ಇಲ್ಲಿಂದ ಕವಲೊಡೆದ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್‌ಗಳನ್ನು ದಾಟಿ ಮಾರಿಕುಪ್ಪಂ ಮುಟ್ಟುತ್ತದೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು ಗುಡ್ಡಗಳಂತೆ ನಿಂತಿವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿಯ ಹೊತ್ತನ್ನು ಸಾರುತ್ತಿದ್ದ ಸೈರನ್ನೂ ಮೌನವಾಯಿತು. ಸಾಲುಮನೆಗಳ ಬಾಗಿಲಲ್ಲಿ ನಾಯಿಗಳು ಇಂದಿಗೂ ಉಂಟು; ಬೆಳಗಿನ ಚಹದೊಡನೆ ಅವುಗಳಿಗೊಂದು ತುಂಡು ಬನ್ನು, ರಸ್ಕು, ಬಿಸ್ಕತ್ತು ಎಸೆಯುವ ಕೈಗಳೂ ಉಂಟು.

ಅಂಥದೊಂದು ನಾಯಿ ಮಿತಿಮೀರಿ ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಚೆನ್ನಾಗಿ ಉಂಡರೂ ಸೊರಗತೊಡಗಿದರೆ ಸಿಹಿಮೂತ್ರ ರೋಗದ ಶಂಕೆ ಸಹಜ. ಈ ರೋಗದ ಮರ್ಮ ತಿಳಿದುದೇ ನಾಯಿಗಳಿಂದ. 1889ರಲ್ಲಿ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದರ ಮೂತ್ರದಲ್ಲಿ ಸಕ್ಕರೆ ಕಂಡಿತು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದೇ ಗ್ರಂಥಿಯ ಸಾರವನ್ನು ಪರೀಕ್ಷಿಸಿದ್ದೂ ನಾಯಿಗಳ ಮೇಲೆಯೇ. ಆ ಋಣ ಸಣ್ಣದಲ್ಲ.

ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ಊಟ ಮತ್ತು ಇನ್ಸುಲಿನ್ ಚುಚ್ಚುಮದ್ದು. ಸೈರನ್ ನಿಂತ ಊರಿನಲ್ಲಿ ಆ ಮನೆಗೆ ಮತ್ತೆ ಪಾಳಿ ಬಂದಂತೆ! ಅಲಕ್ಷಿಸಿದರೆ ಪ್ರಾಣಕ್ಕೇ ಅಪಾಯ. ಚಿಕಿತ್ಸೆ ನಡೆದಿದ್ದರೂ ಎಷ್ಟೋ ನಾಯಿಗಳ ಕಣ್ಣಿಗೆ ಪೊರೆ ಬರುವುದುಂಟು. ಆದರೆ ಬಾಗಿಲಲ್ಲಿ ಬಾಲ ಅಲ್ಲಾಡಿಸುವ ಪ್ರಾಣಿಗೆ ಇದೊಂದೂ ತಿಳಿಯದು. ಅದಕ್ಕೆ ಬೇಕಾದುದು ಆ ಬೆಳಗಿನ ತುಂಡು.

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಹೋದವರು ಬೇಕರಿಯನ್ನು ಬಿಟ್ಟು ತರಕಾರಿಯತ್ತ ನಡೆಯುವುದು ಲೇಸು. ಬೇಯಿಸಿದ ಹುರುಳಿಕಾಯಿ, ಸೌತೆಯ ಹೋಳು, ಉಪ್ಪು ಮಸಾಲೆಗಳಿಲ್ಲದೆ ಬೇಯಿಸಿದ ಚರ್ಮರಹಿತ ಕೋಳಿಯ ಚೂರು, ಇವೆಲ್ಲ ಆಗಬಹುದು. ಗಜ್ಜರಿ ಒಂದೆರಡು ಬಿಲ್ಲೆ ಸಾಕು. ಬೆಲ್ಲ, ಬಾಳೆ, ಶ್ರೀನಿವಾಸಪುರದ ಮಾವು ಬೇಡ. ಕೊಬ್ಬಿನ ಮಾಂಸವೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಗೆ ವಿಷ. "ಸಕ್ಕರೆಯಿಲ್ಲ" ಎಂಬ ಚೀಟಿಗೆ ಮರುಳಾಗುವುದಂತೂ ಸಲ್ಲ: ಅಂಥ ತಿನಿಸುಗಳಲ್ಲಿ ಕೆಲವಕ್ಕೆ ಹಾಕುವ ಕ್ಸೈಲಿಟಾಲ್ ಮನುಷ್ಯನಿಗೆ ನಿರುಪದ್ರವಿಯಾದರೂ ನಾಯಿಯನ್ನು ಕೊಲ್ಲಬಲ್ಲದು. ತಿಂಡಿಯೆಲ್ಲ ಸೇರಿ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರದಿರಲಿ. ನಿತ್ಯದ ಅಳತೆ, ನಿತ್ಯದ ಹೊತ್ತು ತಪ್ಪದಿರಲಿ. ಯಾವುದನ್ನು ಎಷ್ಟು ಎಂಬುದಕ್ಕೆ ಪಶುವೈದ್ಯರ ಮಾತೇ ಪ್ರಮಾಣ.

ಇಷ್ಟಾದರೂ ಅಡುಗೆಮನೆಯಲ್ಲಿ ಜೇನಿನ ಸೀಸೆಯೊಂದು ಇರಬೇಕು. ಚುಚ್ಚುಮದ್ದಿನ ಅನಂತರ ನಾಯಿ ತೂರಾಡಿ, ನಡುಗಿ, ಕುಸಿದರೆ ರಕ್ತದ ಸಕ್ಕರೆ ತೀರ ಇಳಿದಿರಬಹುದು. ಆಗ ಒಸಡಿಗೆ ಜೇನು ಸವರಿ, ಒಡನೆಯೇ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.