43ನೇ ಪುಟದ ಫೋಟೋ

ನಮ್ಮ ವಾಚನಾಲಯದ ಕಪಾಟಿನಲ್ಲಿ ನೀಲಿ ರಟ್ಟಿನ ಒಂದು ದಪ್ಪ ಪುಸ್ತಕ ಉಂಟು. ನಮ್ಮ ಊರಿನ ಹಳೆ ಜಾಗೆಗಳ ಲೆಕ್ಕ ಪುಸ್ತಕ ಅದು. ಒಂದು ಜಾಗೆಗೆ ಒಂದು ಪುಟ, ಪುಟಕ್ಕೊಂದು ಫೋಟೋ. 43ನೇ ಪುಟದಲ್ಲಿ ಮಾತ್ರ ಫೋಟೋ ಇಲ್ಲ. ಅಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಚಿತ್ರ ಉಂಟು, ಅದೂ ಒಂದನೇ ಕ್ಲಾಸಿನ ಮಕ್ಕಳು ಬರೆದ ಹಾಗೆ. ಬರೆದವನು ನಾನು. ಯಾಕೆ ಫೋಟೋ ಇಲ್ಲ ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಈ ಸಲ ಲೇಖನ ಕೊಡಿ ಎಂದು ವಾಚನಾಲಯದವರು ಕೇಳಿದಾಗ, ಸರಿ, ಇದನ್ನೇ ಬರೆದು ಬಿಡುವ ಅಂತ ಕಂಡಿತು.

ಈ ಕೆಲಸಕ್ಕೆ ಕೈ ಹಾಕಿದವರು ನಮ್ಮ ನಿವೃತ್ತ ಮಾಷ್ಟ್ರು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಒಂದು ದಿನ ಅವರು ವಾಚನಾಲಯದಲ್ಲಿ ಹೇಳಿದರು: "ಬೇಕಲ ಕೋಟೆಗೆ ಬೋರ್ಡು ಉಂಟು, ಕಾವಲು ಉಂಟು, ಟಿಕೇಟು ಉಂಟು. ಅನಂತಪುರದ ಕೆರೆ ದೇವಸ್ಥಾನಕ್ಕೆ ದಿನಾ ಜನ ಬರ್ತಾರೆ. ನಮ್ಮ ಬೈಲಿನ ಕಲ್ಲಿಗೆ, ಸುರಂಗಕ್ಕೆ ಯಾರಿದ್ದಾರೆ?" ನಮ್ಮ ಜಾಗೆಗಳನ್ನು ಯಾರೂ ಬರೆದಿಲ್ಲವಾ ಅಂತ ನಾನು ಕೇಳಿದೆ. 1882ರಲ್ಲಿ ರಾಬರ್ಟ್ ಸಿವೆಲ್ ಎಂಬ ದೊರೆ ಮದ್ರಾಸು ಪ್ರಾಂತ್ಯದ ಹಳೆ ಅವಶೇಷಗಳ ದೊಡ್ಡ ಪಟ್ಟಿ ಮಾಡಿದ್ದಾನಂತೆ. ನಾವು ಆಗ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರಲ್ಲವಾ, ಆ ಜಿಲ್ಲೆಯೂ ಅದರಲ್ಲಿ ಉಂಟಂತೆ. ಆದರೆ ನಮ್ಮ ಊರಿನ ಹೆಸರು ಇಲ್ಲ. ಆಮೇಲೆ 1956 ಬಂತು, ನಾವು ಕೇರಳಕ್ಕೆ ಹೋದೆವು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆ ಆಯಿತು. ನಮ್ಮ ಬೈಲಿನ ಕಲ್ಲು ಮಾತ್ರ ಅಲ್ಲೇ ಇತ್ತು, ಪಟ್ಟಿಯ ಹೊರಗೆ.

ನನ್ನನ್ನು ಕರೆದದ್ದು ವಿದ್ಯೆ ನೋಡಿ ಅಲ್ಲ. ನಾನು ಕಲಿತದ್ದು ಏಳನೇ ಕ್ಲಾಸು. ಅಮ್ಮನ ಹಿಂದೆ ಗದ್ದೆಗೆ ಹೋಗಿ ನೇಜಿ ನೆಡುವಾಗ ಕೇಳಿ ಕೇಳಿ ಪಾಡ್ದನ ಬಾಯಿಗೆ ಬಂತು, ಈಗಲೂ ಹೇಳುತ್ತೇನೆ. ಪಾಡ್ದನ ಕೇಳಿದವರಿಗೆ ಗೊತ್ತುಂಟು, ದೈವವಾಗಲಿ ಮನುಷ್ಯರಾಗಲಿ ಒಂದು ಕಡೆಯಿಂದ ಒಂದು ಕಡೆಗೆ ಹೊರಟರೆ ನಡುವಿನ ಜಾಗೆಗಳ ಹೆಸರನ್ನು ಒಂದೂ ಬಿಡದೆ ಹೇಳಬೇಕು. ಯಾವ ಪಾದೆಯ ಮೇಲೆ ಕುಳಿತರು, ಯಾವ ಕಟ್ಟಪುಣಿಯಲ್ಲಿ ನಡೆದರು, ಯಾವ ಕೆರೆಯಲ್ಲಿ ನೀರು ಕುಡಿದರು, ಎಲ್ಲ. ಮಾಷ್ಟ್ರು ನನ್ನ ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬರೇ ಜಾಗೆಯ ಹೆಸರುಗಳನ್ನು ಬರೆದುಕೊಂಡರು. ಆಮೇಲೆ ಒಂದೊಂದನ್ನೇ ಹುಡುಕಿಕೊಂಡು ಹೋದೆವು. ಎರಡು ಬೇಸಿಗೆ ಇದೇ ಕೆಲಸ. ನಾನು, ಮಾಷ್ಟ್ರು, ಪ್ಲಸ್ ಟು ಓದುವ ಇಬ್ಬರು ಮಕ್ಕಳು. ಒಂದು ಅಳತೆ ಟೇಪು, ಒಂದು ಕತ್ತಿ, ಒಂದು ನೀರಿನ ಬಾಟ್ಲಿ.

ಬರೆಯುವ ಕ್ರಮ ಸುಲಭ. ಜಾಗೆಯ ಹೆಸರು, ಯಾರ ವಶದಲ್ಲಿ ಉಂಟು, ಉದ್ದ ಅಗಲ, ಹಿರಿಯರು ಏನು ಹೇಳುತ್ತಾರೆ, ಈಗ ಹೇಗುಂಟು. ಕಣ್ಣಿಗೆ ಕಂಡದ್ದು ಬೇರೆ, ಬಾಯಲ್ಲಿ ಹೇಳಿದ್ದು ಬೇರೆ ಕಾಲಮಿನಲ್ಲಿ. "ಟಿಪ್ಪು ಬಂದಾಗ ಹುಗಿದದ್ದು" ಎಂದು ಯಾರಾದರೂ ಹೇಳಿದರೆ ಅದು ಹೇಳಿಕೆಯ ಕಾಲಮಿಗೆ ಹೋಗುತ್ತದೆ. ಮಾರಾಯ್ರೆ, ಟಿಪ್ಪು ನಮ್ಮ ಊರಲ್ಲಿ ಹುಗಿದದ್ದೆಲ್ಲ ನಿಜವಾದರೆ ಅವನಿಗೆ ಯುದ್ಧ ಮಾಡಲಿಕ್ಕೆ ಪುರುಸೊತ್ತೇ ಇರಲಿಕ್ಕಿಲ್ಲ!

ಏನೇನು ಸಿಕ್ಕಿತು ಎಂದರೆ, ಬಟ್ಟೆ ಒಗೆಯುವ ಕಲ್ಲೊಂದನ್ನು ಮಗುಚಿ ಹಾಕಿದಾಗ ಅಡಿಯಲ್ಲಿ ಬಿಲ್ಲು ಹಿಡಿದ ಮನುಷ್ಯ. ವೀರಗಲ್ಲು. ಎಷ್ಟೋ ತಲೆಮಾರು ಅವನ ಬೆನ್ನಿನ ಮೇಲೆ ಬಟ್ಟೆ ಬಡಿದಿದ್ದೇವೆ. ಕಾಡು ಬೆಳೆದ ಒಂದು ನಾಗಬನ, ಬಾಯಿ ಮುಚ್ಚಿದ ಒಂದು ಬಾವಿ, ದಾರಿ ಬದಿಯಲ್ಲಿ ಹೊರೆ ಇಳಿಸುವ ಕಲ್ಲು. ಮತ್ತೆ ಸುರಂಗ. ನಮ್ಮಲ್ಲಿ ಸುರಂಗಕ್ಕೆ ಬರ ಇಲ್ಲ. ಎಣ್ಮಕಜೆ, ಪೈವಳಿಕೆ, ಬಾಯಾರು ಬದಿಗೆ ಹೋದರೆ ಮನೆಗೊಂದು ಎರಡು. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳು ಗುಡ್ಡೆಗೆ ನೀರು ತಂದವರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಮೇಲೆಯೇ ನಮ್ಮ ಮಕ್ಕಳಿಗೆ ಸುರಂಗ ಎಂದರೆ ಒಂದು ಗೌರವ ಬಂದದ್ದು. ಅದಕ್ಕೆ ಮೊದಲು ಬಾವಲಿಯ ಗೂಡು ಅಷ್ಟೇ.

ಒಂದು ಸುರಂಗದ ಒಳಗೆ ಟೇಪು ಹಿಡಿದು ಮುಂದಿನಿಂದ ಹೋದವನು ನಾನು. 38 ಕೋಲು ಉಂಟು. ಕೋಲು ಎಂದರೆ ಎರಡೂವರೆ ಅಡಿ, ಮಕ್ಕಳಿಗೆ ಗೊತ್ತಿಲ್ಲ. ಬೆನ್ನು ಬಗ್ಗಿಸಿಯೇ ನಡೆಯಬೇಕು, ಕಾಲಡಿಯಲ್ಲಿ ತಣ್ಣಗೆ ನೀರು. ಬದಿಯ ಗೋಡೆಯಲ್ಲಿ ಪಿಕ್ಕಾಸಿನ ಗೀರು ನಿನ್ನೆ ಹಾಕಿದ ಹಾಗೆ ಕಾಣುತ್ತದೆ. ಅಲ್ಲಲ್ಲಿ ಅಂಗೈ ಅಗಲದ ಗೂಡು ಕೊರೆದಿದ್ದಾರೆ, ದೀಪ ಇಡಲಿಕ್ಕೆ. ದೀಪ ಸಣ್ಣದಾದರೆ ಗಾಳಿ ಸಾಲದು ಎಂದು ಅರ್ಥ, ತೋಡುವವರು ಹೊರಗೆ ಬರಬೇಕು. ಗೂಡಿನ ಮೇಲೆ ಹೊಗೆಯ ಕಪ್ಪು ಇನ್ನೂ ಉಂಟು. ನಾನು ಬೆರಳಿನಲ್ಲಿ ಮುಟ್ಟಿದೆ, ಕಪ್ಪು ಬೆರಳಿಗೆ ಬಂತು. ತೋಡಿದವನ ಹೆಸರು ಆ ಮನೆಯವರಿಗೆ ಗೊತ್ತಿಲ್ಲ. ಕೂಲಿಯವನ ಹೆಸರು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಕಷ್ಟ ಆದದ್ದು ಕಾಡಿನಲ್ಲಿ ಅಲ್ಲ, ಮನೆಗಳ ಜಗಲಿಯಲ್ಲಿ. "ನೀವು ಬರೆದರೆ ಸರ್ಕಾರ ಬಂದು ಜಾಗೆ ತೆಕ್ಕೊಳ್ತದೆ" ಎಂಬ ಹೆದರಿಕೆ. ಒಬ್ಬರು ಕಾಫಿ ಕೊಟ್ಟು, ಕಲ್ಲು ತೋರಿಸಿ, ಮರುದಿನ ಬೆಳಿಗ್ಗೆ ಆರು ಗಂಟೆಗೆ ಬಂದು "ಅದನ್ನು ಅಳಿಸಿ" ಎಂದರು. ಮಾಷ್ಟ್ರು ತಾಳ್ಮೆಯಿಂದ ಹೇಳಿದರು: ಕೇಂದ್ರ ಸರ್ಕಾರ ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಕಟ್ಟಡ ಕಟ್ಟಬಾರದು, ಅದರಾಚೆ 200 ಮೀಟರಿಗೆ ಅನುಮತಿ ಬೇಕು, ಇದು ಬೇಕಲದಂಥ ಜಾಗೆಗೆ. ವಾಚನಾಲಯದ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಯಾವ ಕಾನೂನೂ ಬರುವುದಿಲ್ಲ. ಆದರೂ ಅವರಿಗೆ ಧೈರ್ಯ ಬರಲಿಲ್ಲ, ನಾವು ಅಳಿಸಿದೆವು. ಮನೆಯವರು ಒಪ್ಪದೆ ಬರೆಯಬಾರದು ಎಂದು ಮೊದಲೇ ಮಾತಾಗಿತ್ತು.

ಅವರ ಹೆದರಿಕೆಗೆ ನಾನು ಒಳಗೊಳಗೇ ನಗಲಿಲ್ಲ. ನನ್ನದೂ ಒಂದು ಇತ್ತು.

ಎರಡನೇ ಬೇಸಿಗೆಯಲ್ಲಿ ಒಂದು ಸಂಜೆ ಮಾಷ್ಟ್ರು ಹಳೆ ಕ್ಯಾಸೆಟ್ ಒಂದನ್ನು ತಂದರು. ಅದರಲ್ಲಿ ನನ್ನ ಅಮ್ಮನ ಸ್ವರ. ಯಾರೋ ಮೊದಲು ಹಿಡಿದಿಟ್ಟದ್ದು. ಅಮ್ಮ ತೀರಿ ಹೋಗಿ ಎಷ್ಟೋ ವರ್ಷ ಆಗಿದೆ, ಸ್ವರ ಕೇಳಿ ನನಗೆ ಮಾತು ಬರಲಿಲ್ಲ. ಹಾಡು ಮುಗಿದ ಮೇಲೆ ಮಾಷ್ಟ್ರು ಕೇಳಿದರು, "ಅಮ್ಮ ಹೇಳುವಾಗ ಕೆರೆಗೂ ಬೈಲಿಗೂ ನಡುವೆ ದುಡಿಪಾದೆ ಎಂದು ಬರ್ತದೆ. ನೀವು ಹೇಳುವಾಗ ಅದು ಇಲ್ಲ. ಮರೆತದ್ದಾ?"

ಮರೆತದ್ದಲ್ಲ. ದುಡಿಪಾದೆ ನನ್ನ ಜಾಗೆಯಲ್ಲೇ, ಮನೆಯ ಹಿಂದಿನ ಗುಡ್ಡೆಯಲ್ಲಿ ಇತ್ತು. ಮುರಕಲ್ಲಿನ ಬೋಳು ಪಾದೆ. ದನ ನಡೆದರೆ ಒಂದು ಕಡೆ ದುಡಿ ಬಡಿದ ಹಾಗೆ ಶಬ್ದ ಬರುತ್ತಿತ್ತು. ಸಣ್ಣವರಿರುವಾಗ ನಾವು ಅಲ್ಲಿ ಹಾರಿ ಹಾರಿ ಶಬ್ದ ಕೇಳುವುದು, ಅಮ್ಮ ಬೈಯುವುದು. ಅಡಿಯಲ್ಲಿ ಹಿಂದಿನವರು ಇದ್ದಾರೆ, ಎಬ್ಬಿಸಬೇಡಿ ಅಂತ.

2002ರಲ್ಲಿ ಅಡಿಕೆಗೆ ಬೆಲೆ ಬಿದ್ದು ಹೋಗಿತ್ತು. ಅದರ ಮೇಲೆ ಕೊಳೆರೋಗ. ಮಗಳ ಮದುವೆ ನಿಶ್ಚಯ ಆಗಿತ್ತು. ಮುರಕಲ್ಲು ತೆಗೆಯುವ ಒಬ್ಬರು ಬಂದು ಗುಡ್ಡೆಯ ಕಲ್ಲಿಗೆ ಬೆಲೆ ಹೇಳಿದರು, ನಾನು ಒಪ್ಪಿದೆ. ಕಲ್ಲು ಕೊಯ್ಯುವ ಮೆಷಿನ್ ಬಂತು. ನಾಲ್ಕನೇ ದಿವಸವೋ ಐದನೆಯದೋ, ಮೆಷಿನಿನ ಒಂದು ಚಕ್ರ ಕುಸಿದು ನಿಂತಿತು. ನಾನು ಓಡಿ ಹೋದೆ.

ಒಳಗೆ ಒಂದು ಕೋಣೆ. ಬುಟ್ಟಿ ಕವುಚಿ ಹಾಕಿದ ಹಾಗೆ ಉರುಟು ಮಾಡು, ನೆತ್ತಿಯಲ್ಲಿ ಒಂದು ಉರುಟು ತೂತು, ಅದರ ಮೇಲೆ ಚಪ್ಪಟೆ ಕಲ್ಲು ಮುಚ್ಚಿದ್ದರು. ಒಂದು ಬದಿಯಲ್ಲಿ ಮಗು ನುಗ್ಗುವಷ್ಟು ಬಾಗಿಲು, ಬಾಗಿಲಿಗೆ ಎರಡು ಮೂರು ಪಟ್ಟಿ. ನಾನು ಇಳಿದೆ. ಒಳಗೆ ನಿಂತರೆ ತಲೆ ತಾಗುತ್ತಿತ್ತು. ಕೆಂಪು ಮಡಕೆಗಳು, ನಾಲ್ಕು ಕಾಲಿನ ಒಂದು ಭರಣಿ, ಒಳಗೆ ಕಪ್ಪು ಹೊರಗೆ ಕೆಂಪು ಇದ್ದ ತಟ್ಟೆಯಂಥದ್ದು, ತುಕ್ಕು ಹಿಡಿದ ಕಬ್ಬಿಣದ ತುಂಡು. ಮಣ್ಣು ಬಿದ್ದು ಅರ್ಧ ಮುಚ್ಚಿತ್ತು. ಕಲ್ಲಿನವರು ಮೇಲಿನಿಂದ ಹೇಳಿದರು, ಇದು ಹೊರಗೆ ಗೊತ್ತಾದರೆ ಕೆಲಸ ನಿಲ್ಲುತ್ತದೆ, ಕೊಟ್ಟ ಮುಂಗಡ ವಾಪಾಸು ಮಾಡಬೇಕು ಎಂದು. ಮುಂಗಡ ಆಗಲೇ ಚಿನ್ನದಂಗಡಿಗೆ ಹೋಗಿತ್ತು. ನಾನು ಮೇಲೆ ಹತ್ತಿ ಬಂದು, ಆಗಲಿ ಎಂದೆ. ಅಷ್ಟೇ ಹೇಳಿದ್ದು. ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿಯಿತು. ಮಡಕೆ ಚೂರುಗಳು ಕಲ್ಲಿನ ಹುಡಿಯೊಟ್ಟಿಗೆ ಹಳೆ ಗುಂಡಿಗೆ ಹೋದವು. ಒಂದು ಚೂರನ್ನು ಮಾತ್ರ ನಾನು ಮುಂಡಿನ ಕೊನೆಯಲ್ಲಿ ಕಟ್ಟಿಕೊಂಡು ಬಂದೆ. ಸತ್ತವರ ಮಡಕೆ ಮನೆಯೊಳಗೆ ಬೇಡ ಎಂದಳು ಹೆಂಡತಿ. ಹಟ್ಟಿಯ ಮಾಡಿನ ಸೆರೆಯಲ್ಲಿ ಇಟ್ಟೆ.

ಮದುವೆ ಚೆನ್ನಾಗಿ ಆಯಿತು. ಮಗಳು ಸುಖವಾಗಿದ್ದಾಳೆ. ಆ ವರ್ಷ ನೇಜಿಗೆ ಹಾಡು ಹೇಳುವಾಗ ದುಡಿಪಾದೆಯ ಹೆಸರು ಬರುವಲ್ಲಿಗೆ ನನ್ನ ಬಾಯಿ ನಿಂತಿತು. ಯಾರಾದರೂ ಮಕ್ಕಳು ಅದು ಎಲ್ಲಿ ಎಂದು ಕೇಳಿದರೆ? ಕೆರೆಯಿಂದ ಸೀದಾ ಬೈಲಿಗೆ ಇಳಿಸಿದೆ. ಒಬ್ಬರಿಗೂ ಗೊತ್ತಾಗಲಿಲ್ಲ. ಅಮ್ಮ ಇದ್ದಿದ್ದರೆ ನೇಜಿ ಕೈಯಲ್ಲೇ ಹಿಡಿದುಕೊಂಡು ಬಂದು ಕೆನ್ನೆಗೆ ಹೊಡೆಯುತ್ತಿದ್ದಳು. ಇಪ್ಪತ್ತು ವರ್ಷ ಹಾಗೆಯೇ ಹಾಡಿದೆ. ನನ್ನಿಂದ ಕಲಿತವರೂ ಹಾಗೆಯೇ ಹಾಡುತ್ತಾರೆ. ಗುಡ್ಡೆಯಿಂದ ತೆಗೆಸಿದ್ದು ಒಂದು ದಿನದಲ್ಲಿ, ಹಾಡಿನಿಂದ ತೆಗೆದದ್ದು ಪ್ರತಿ ವರ್ಷ.

ಮಾಷ್ಟ್ರಿಗೆ ಆ ಸಂಜೆ ನಾನು ಏನೂ ಹೇಳಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ಮತ್ತೊಂದು ದಿನ ಮಾತಿಗೆ ಮಾತು ಬಂದು ಅವರು ಹೇಳಿದರು, ಇಂಗ್ಲೆಂಡಿನಲ್ಲಿ ನಮ್ಮ ಜಿಲ್ಲೆಯ ಹಾಗೆ ಕೌಂಟಿ ಎಂದು ಉಂಟಂತೆ, ಅಲ್ಲಿಯೂ ಹಳೆ ಜಾಗೆಗಳ ಪಟ್ಟಿ ಇಡುತ್ತಾರಂತೆ. ಗದ್ದೆಯಲ್ಲಿ ಉತ್ತು ಹೋದದ್ದನ್ನು, ರಸ್ತೆಯಡಿಗೆ ಹೋದದ್ದನ್ನೂ ಬರೆಯುತ್ತಾರಂತೆ. ನಾನು ಕೇಳಿದೆ, ಇಲ್ಲದ್ದನ್ನು ಬರೆದು ಎಂತ ಮಾಡ್ಲಿಕ್ಕೆ? "ಹತ್ತಿರದಲ್ಲಿ ಇನ್ನೊಂದು ಇರ್ತದಲ್ಲ" ಎಂದರು. ನೀಲೇಶ್ವರದ ಬದಿಗೆ, ಬಂಗಳಂ, ಪಿಲಿಕೋಡು ಅಲ್ಲೆಲ್ಲ ಮುರಕಲ್ಲು ಕೊರೆದ ಇಂಥ ಕೋಣೆಗಳು ಸಿಕ್ಕಿವೆಯಂತೆ, ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳು. ಒಂದು ಎಲ್ಲಿತ್ತು ಎಂದು ಗೊತ್ತಿದ್ದರೆ ಆ ಗುಡ್ಡೆಯಲ್ಲಿ ಮುಂದೆ ಪಿಕ್ಕಾಸು ಹಾಕುವವನು ಒಮ್ಮೆ ನಿಲ್ಲುತ್ತಾನೆ.

ನಾನು ಹಟ್ಟಿಗೆ ಹೋಗಿ ಆ ಚೂರನ್ನು ತಂದು ಅವರ ಕೈಯಲ್ಲಿಟ್ಟೆ. ಆಮೇಲೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟೇಪು ತೆಗೆದುಕೊಂಡು "ಬನ್ನಿ" ಎಂದರು.

ಕೋರೆ ಈಗ ನೀರು ತುಂಬಿದ ಗುಂಡಿ. ಅಂಚಿನಲ್ಲಿ ನಿಂತು, ಇಲ್ಲಿ ಬಾಗಿಲು, ಅಲ್ಲಿ ತೂತು ಎಂದು ಗಾಳಿಯಲ್ಲಿ ಕೈ ತೋರಿಸಿದೆ. ಮನೆಯ ಮೂಲೆಯಿಂದ ದೂರ ಅಳೆದೆವು. ನನ್ನ ತಲೆ ತಾಗಿದ್ದು ನೆನಪು ಉಂಟಲ್ಲ, ಅದರಿಂದ ಎತ್ತರ ಲೆಕ್ಕ ಹಾಕಿದರು. ಕಣ್ಣಿಗೆ ಕಂಡದ್ದು ಎಂಬ ಕಾಲಮಿನಲ್ಲಿ ಮಾಷ್ಟ್ರು "ನೀರು" ಎಂದು ಬರೆದರು. ಹೇಳಿಕೆಯ ಕಾಲಮಿನಲ್ಲಿ ನನ್ನ ಹೆಸರು. ಈಗ ಹೇಗುಂಟು ಎಂಬಲ್ಲಿ "ಇಲ್ಲ, 2002ರಲ್ಲಿ ಹೋಯಿತು" ಎಂದು ಬರೆಯಲಿಕ್ಕೆ ನನ್ನ ಕೈಗೇ ಪೆನ್ನು ಕೊಟ್ಟರು.

ಚೂರು ವಾಚನಾಲಯದ ಕಪಾಟಿನಲ್ಲಿ ಗಾಜಿನ ಬಾಟ್ಲಿಯೊಳಗೆ ಉಂಟು, ನೋಡಬಹುದು. ಕಳೆದ ಮಳೆಗಾಲದಲ್ಲಿ ಹಾಡು ಹೇಳುವಾಗ ದುಡಿಪಾದೆಯನ್ನು ಸೇರಿಸಿದೆ. ನನ್ನ ಹಿಂದೆ ದನಿಗೂಡಿಸುವವರು ತಪ್ಪಿದರು, ಒಬ್ಬಳು "ಇದು ಎಲ್ಲಿಂದ ಬಂತು?" ಎಂದಳು. ಸಾಲು ಮುಗಿಯಲಿ, ಹೇಳ್ತೇನೆ ಎಂದೆ.

44ನೇ ಪುಟ ಇನ್ನೂ ಖಾಲಿ. ನಮ್ಮ ಕೋರೆಯ ಮೂಡು ಬದಿಯ ಗುಡ್ಡೆಯಲ್ಲಿ, ರಬ್ಬರಿನ ನಡುವೆ, ಹಾಲು ತೆಗೆಯುವವನಿಗೆ ಕಾಲಡಿಯಲ್ಲಿ ಟೊಳ್ಳು ಶಬ್ದ ಕೇಳುತ್ತದಂತೆ. ಜಾಗೆಯವರು ಬರಬಹುದು ಎಂದಿದ್ದಾರೆ. ಆದಿತ್ಯವಾರ ಬೆಳಿಗ್ಗೆ ಹೋಗುತ್ತೇವೆ. ಬರುವವರು ಏಳು ಗಂಟೆಗೆ ವಾಚನಾಲಯದ ಹತ್ತಿರ ಬನ್ನಿ, ಕತ್ತಿ ತನ್ನಿ, ಪಿಕ್ಕಾಸು ಬೇಡ.